ಬುಡ ನೋಡಿ, ಆಮೇಲೆ ಬೆಲೆ ಕೇಳಿ

ಎಲ್ಲರಿಗೂ ನಮಸ್ಕಾರ. ಹಳೇ ಬಾಟಲಿ ಕೈಗೆ ಬಂದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಎಷ್ಟು ಬೆಲೆ ಬರುತ್ತೆ ಅಂತ. ಇವತ್ತು ಆ ಮಾತು ಬೇಡ. ಬಾಯಿಂದ ಊದಿ ಮಾಡಿದ ಬಾಟಲಿಯ ಮೇಲೆ ಅದನ್ನು ಮಾಡಿದವರ ಕೆಲಸದ ಗುರುತುಗಳು ಹಾಗೇ ಉಳಿದಿರುತ್ತವೆ, ಅವನ್ನು ಓದಲು ಕಲಿತರೆ ಅದು ಯಾವ ಕಾಲದ್ದು, ಅಸಲಿಯೋ ನಕಲಿಯೋ ಅನ್ನುವುದು ಎಷ್ಟೋ ಮಟ್ಟಿಗೆ ಗೊತ್ತಾಗುತ್ತದೆ. ನಾನು ಹೆಚ್ಚಾಗಿ ಇಂಗ್ಲೆಂಡಿನ ವೈನ್ ಬಾಟಲಿಗಳನ್ನೇ ಹಿಡಿದು ಹೇಳುತ್ತೇನೆ. ಆಕಾರ ಬದಲಾದ ಕಥೆ ಅಲ್ಲಿ ಬಹಳ ಸ್ಪಷ್ಟವಾಗಿ ಸಿಗುತ್ತದೆ.

ಗಾಜು ಅಂದರೆ ಮುಖ್ಯವಾಗಿ ಮರಳು. ಬರೀ ಮರಳು ಕರಗಬೇಕಾದರೆ 1700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸೋಡಾ ಬೂದಿಯನ್ನೋ ಸೌದೆ ಬೂದಿಯ ಪೊಟ್ಯಾಷನ್ನೋ ಸೇರಿಸಿದರೆ ಅಷ್ಟು ಶಾಖ ಬೇಡ, ಸುಣ್ಣ ಸೇರಿಸಿದರೆ ಗಾಜು ನೀರಿಗೆ ಕರಗದೆ ನಿಲ್ಲುತ್ತದೆ. ಮರಳಿನಲ್ಲಿ ಕಬ್ಬಿಣದ ಅಂಶ ಇದ್ದೇ ಇರುತ್ತದೆ, ಹಳೇ ಬಾಟಲಿಗಳ ಹಸಿರು ಬಣ್ಣ ಅದರದ್ದು. ಯಾರೂ ಬಣ್ಣ ಹಾಕಿದ್ದಲ್ಲ.

ಇಂಗ್ಲೆಂಡಿನ ಬಾಟಲಿ ಮಾತ್ರ ಹಸಿರು ಮೀರಿ ಕಪ್ಪಗೆ ಕಾಣುತ್ತದೆ. ಇದರ ಹಿಂದೆ ರಾಜನ ಒಂದು ಆಜ್ಞೆ ಇದೆ. ಹಡಗು ಕಟ್ಟಲು ಮರ ಉಳಿಯಬೇಕು ಅಂತ 1615ರಲ್ಲಿ ದೊರೆ ಒಂದನೇ ಜೇಮ್ಸ್ ಗಾಜಿನ ಕುಲುಮೆಗಳಿಗೆ ಸೌದೆ ಉರಿಸುವುದನ್ನು ನಿಷೇಧಿಸಿದ. ಕುಲುಮೆಗಳೆಲ್ಲ ಕಲ್ಲಿದ್ದಲಿಗೆ ಬದಲಾದವು. ಶಾಖ ಜಾಸ್ತಿಯಾಯಿತು, ಗಾಜು ದಪ್ಪಗೆ, ಗಟ್ಟಿಯಾಗಿ, ಕಪ್ಪಾಗಿ ಬಂತು. ಬೆಳಕಿಗೆ ಹಿಡಿದರೆ ಕಡು ಹಸಿರೋ ಕಂದೋ ಕಾಣುತ್ತದೆ, ಆದರೂ ಸಂಗ್ರಾಹಕರು ಇದನ್ನು ಕಪ್ಪು ಗಾಜು ಅಂತಲೇ ಕರೆಯುತ್ತಾರೆ. 1630ರ ದಶಕದಲ್ಲಿ ಇಂಥ ಗಟ್ಟಿ ಬಾಟಲಿಯನ್ನು ರೂಪಿಸಿದ ಹೆಸರು ಸರ್ ಕೆನೆಲ್ಮ್ ಡಿಗ್ಬಿಗೆ ಸಲ್ಲುತ್ತದೆ.

ಈಗ ಮಾಡುವ ಬಗೆಗೆ ಬರೋಣ, ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಬ್ಬ ಕೆಲಸಗಾರ ಉದ್ದದ ಕಬ್ಬಿಣದ ಊದುಕೊಳವೆಯ ತುದಿಯನ್ನು ಕುಲುಮೆಯ ಮೂಸೆಯೊಳಗೆ ಅದ್ದಿ ತಿರುಗಿಸುತ್ತಾನೆ, ಕರಗಿದ ಗಾಜು ಜೇನುತುಪ್ಪದ ಹಾಗೆ ಸುತ್ತಿಕೊಂಡು ಬರುತ್ತದೆ. ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಕಡೆಗೆ ಜೋತು ಬೀಳುತ್ತದೆ, ಹಾಗಾಗಿ ಕೊನೇವರೆಗೂ ಕೈ ತಿರುಗುತ್ತಲೇ ಇರಬೇಕು. ಆ ಮುದ್ದೆಯನ್ನು ನುಣುಪಾದ ಕಬ್ಬಿಣದ ಹಾಸಿನ ಮೇಲೆ ಉರುಳಿಸಿ ಹದ ಮಾಡುತ್ತಾರೆ. ಆಮೇಲೆ ಊದುತ್ತಾರೆ. ಗುಳ್ಳೆ ಬೇಕಾದಷ್ಟು ಉಬ್ಬಿದ ಮೇಲೆ ಬುಡವನ್ನು ಒಳಕ್ಕೆ ಒತ್ತುತ್ತಾರೆ.

ಆದರೆ ಬಾಟಲಿಯ ಬಾಯಿ ಇನ್ನೂ ಕೊಳವೆಗೇ ಅಂಟಿಕೊಂಡಿದೆ, ಅಲ್ವಾ? ಬಾಯಿ ಮುಗಿಸಬೇಕಾದರೆ ಬಾಟಲಿಯನ್ನು ಇನ್ನೊಂದು ಕಡೆಯಿಂದ ಹಿಡಿಯಬೇಕು. ಅದಕ್ಕೆ ಪಾಂಟಿಲ್ ಅನ್ನುವ ಕಬ್ಬಿಣದ ಸರಳಿನ ತುದಿಗೆ ಚೂರು ಬಿಸಿ ಗಾಜು ಹಚ್ಚಿ ಬುಡಕ್ಕೆ ಅಂಟಿಸುತ್ತಾರೆ. ಕತ್ತಿನ ಹತ್ತಿರ ತಣ್ಣನೆ ನೀರು ಮುಟ್ಟಿಸಿದರೆ ಅಲ್ಲಿ ಬಿರುಕು ಬಿಟ್ಟು ಊದುಕೊಳವೆ ಬೇರೆಯಾಗುತ್ತದೆ. ಬಾಯಿಯನ್ನು ಮತ್ತೆ ಕಾಯಿಸಿ, ಅದರ ಸುತ್ತ ಗಾಜಿನ ಎಳೆಯೊಂದನ್ನು ಸುತ್ತುತ್ತಾರೆ. ಬಿರಡೆ ಹಾರದ ಹಾಗೆ ದಾರ ಕಟ್ಟುವುದಕ್ಕೆ ಆ ಉಂಗುರ. ಕಡೆಗೆ ಸರಳಿಗೆ ಒಂದು ಪೆಟ್ಟು ಕೊಟ್ಟರೆ ಬಾಟಲಿ ಬಿಟ್ಟುಕೊಳ್ಳುತ್ತದೆ, ಬುಡದಲ್ಲಿ ಒರಟು ಗಾಯ ಉಳಿಯುತ್ತದೆ. ಬುಡವನ್ನು ಒಳಕ್ಕೆ ಒತ್ತಿದ್ದರ ಒಂದು ಉಪಯೋಗ ಇಲ್ಲಿ ಕಾಣುತ್ತದೆ: ಆ ಗಾಯ ಮೇಜಿಗೆ ತಾಗುವುದಿಲ್ಲ, ಬಾಟಲಿ ಅಲುಗಾಡದೆ ನಿಲ್ಲುತ್ತದೆ. ನಂತರ ಬೇರೆ ಗೂಡಿನಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ. ಬೇಗ ಆರಿದರೆ ಗಾಜಿನೊಳಗೆ ಬಿಗಿತ ಉಳಿದು, ಒಂದು ದಿನ ಸುಮ್ನೆ ಇಟ್ಟಲ್ಲೇ ಒಡೆಯುತ್ತದೆ.

ಈ ಬಾಟಲಿಗಳ ಆಕಾರ ನೋಡಿಯೇ ಕಾಲ ಹೇಳಬಹುದು. 1650ರ ಸುಮಾರಿನದಕ್ಕೆ ದುಂಡನೆ ಹೊಟ್ಟೆ, ಉದ್ದ ಕತ್ತು. 1680ರ ನಂತರ ಕತ್ತು ಗಿಡ್ಡವಾಗಿ, ಹೊಟ್ಟೆ ಅಗಲವಾಗಿ ಈರುಳ್ಳಿ ಆಕಾರಕ್ಕೆ ಬಂತು. 18ನೇ ಶತಮಾನ ನಡೆಯುತ್ತಾ ಪಕ್ಕಗಳು ನೆಟ್ಟಗಾಗಿ, ನಾವು ಇವತ್ತು ನೋಡುವ ಉದ್ದನೆಯ ಉರುಳೆ ಆಕಾರ ಬಂತು. ಇದು ಸೊಗಸಿಗಾಗಿ ಆದ ಬದಲಾವಣೆ ಅಲ್ಲ. ವೈನನ್ನು ಬಾಟಲಿಯಲ್ಲೇ ಹಳತಾಗಲು ಬಿಡಬೇಕಾದರೆ ಅಡ್ಡ ಮಲಗಿಸಬೇಕು, ಆಗಲೇ ಬಿರಡೆ ನೆನೆದಿರುತ್ತದೆ. ಈರುಳ್ಳಿ ಬಾಟಲಿಗಳನ್ನು ಒಂದರ ಮೇಲೊಂದು ಹೇಗೆ ಮಲಗಿಸುತ್ತೀರಿ?

ಕೆಲವು ಬಾಟಲಿಗಳ ಹೆಗಲ ಮೇಲೆ ಗಾಜಿನದೇ ಬಿಲ್ಲೆ ಇರುತ್ತದೆ, ಅದರಲ್ಲಿ ಹೆಸರು, ಇಸವಿ ಅಥವಾ ಮನೆತನದ ಲಾಂಛನ. ಆ ಕಾಲದ ಇಂಗ್ಲೆಂಡಿನಲ್ಲಿ ಅನುಕೂಲಸ್ಥರು ತಮ್ಮದೇ ಬಾಟಲಿ ಮಾಡಿಸಿ, ಅದನ್ನು ವೈನ್ ಅಂಗಡಿಯಲ್ಲಿ ತುಂಬಿಸಿಕೊಳ್ಳುತ್ತಿದ್ದರು. ದಿನಚರಿಯಿಂದಲೇ ಹೆಸರಾದ ಲಂಡನ್ನಿನ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1663ರ ಅಕ್ಟೋಬರಿನಲ್ಲಿ ತನ್ನ ಲಾಂಛನ ಇರುವ ಹೊಸ ಬಾಟಲಿಗಳಿಗೆ ವೈನ್ ತುಂಬುವುದನ್ನು ನೋಡಿ ಬಂದಿದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಇಸವಿ ಇರುವ ಇಂಥ ಬಿಲ್ಲೆಗಳು ಇಲ್ಲದಿದ್ದರೆ ನಾನು ಈಗ ಹೇಳಿದ ಆಕಾರಗಳ ಕಾಲವನ್ನು ಇಷ್ಟು ಧೈರ್ಯವಾಗಿ ಹೇಳಲು ಆಗುತ್ತಿರಲಿಲ್ಲ.

ಮುಂದೆ ಅಚ್ಚುಗಳು ಬಂದವು. ಬ್ರಿಸ್ಟಲ್‌ನ ರಿಕೆಟ್ಸ್ 1821ರಲ್ಲಿ ಮೂರು ಭಾಗದ ಅಚ್ಚಿಗೆ ಪೇಟೆಂಟ್ ಪಡೆದ. ಅದರಲ್ಲಿ ಊದಿದ ಬಾಟಲಿಗೆ, ಅಚ್ಚಿನ ಭಾಗಗಳು ಕೂಡುವ ಕಡೆ ಗೆರೆ ಬೀಳುತ್ತದೆ: ಹೆಗಲ ಸುತ್ತ ಒಂದು, ಅಲ್ಲಿಂದ ಕತ್ತಿನ ಕಡೆಗೆ ಎರಡು. ಊದುವುದು ಮಾತ್ರ ಬಾಯಿಂದಲೇ. 19ನೇ ಶತಮಾನದ ನಡುವಿನಿಂದ ಬುಡಕ್ಕೆ ಸರಳು ಅಂಟಿಸುವ ಬದಲು ಬಾಟಲಿಯ ಮೈಯನ್ನೇ ಹಿಡಿಯುವ ಚಿಮಟಾದಂಥ ಸಾಧನ ಬಳಕೆಗೆ ಬಂತು, ಬುಡದ ಗಾಯ ಕ್ರಮೇಣ ಮಾಯವಾಯಿತು. 1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ತಾನೇ ನಡೆಯುವ ಬಾಟಲಿ ಯಂತ್ರ ತಂದ ಮೇಲೆ ಊದುವವರ ಕಾಲ ಮುಗಿಯುತ್ತಾ ಬಂತು.

ಇದರಲ್ಲಿ ಒಳ್ಳೆಯದೂ ಆಯಿತು ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಗಾಜಿನ ಕಾರ್ಖಾನೆಗಳು ಚಿಕ್ಕ ಹುಡುಗರ ದುಡಿಮೆಯ ಮೇಲೆ ನಡೆಯುತ್ತಿದ್ದವು. 1908ರಲ್ಲಿ ಲೂಯಿಸ್ ಹೈನ್ ಅಮೆರಿಕದ ಕಾರ್ಖಾನೆಗಳಲ್ಲಿ ತೆಗೆದ ಫೋಟೋಗಳನ್ನು ನೋಡಿ. ರಾತ್ರಿ ಪಾಳಿಯಲ್ಲಿ ಕುಲುಮೆಯ ಮುಂದೆ ಅಚ್ಚು ಹಿಡಿಯುವ, ಬಿಸಿ ಬಾಟಲಿ ಹೊರುವ ಮಕ್ಕಳು. ಕೈಕೆಲಸದ ಚೆಂದ ಹೊಗಳುವಾಗ ಆ ಮಕ್ಕಳನ್ನು ಬಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮೂರುಗಳಿಗೆ ಹತ್ತಿರದ ಬಾಟಲಿ ಗೋಲಿ ಸೋಡಾದ್ದು. ಇದು ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಗ್ಯಾಸಿನ ಒತ್ತಡವೇ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗೋಲಿಯನ್ನು ಒಳಗೆ ಹಾಕಿ ಆಮೇಲೆ ಬಾಯಿಯನ್ನು ಕಿರಿದಾಗಿ ಮುಗಿಸುತ್ತಿದ್ದರು. ಗೋಲಿಗಾಗಿ ಮಕ್ಕಳು ಒಡೆದದ್ದರಿಂದ ಅಲ್ಲಿ ಎಷ್ಟೋ ಬಾಟಲಿಗಳು ಉಳಿಯಲಿಲ್ಲ, ಇಲ್ಲೂ ಬೇರೆ ಕಥೆ ಏನಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ಪಕ್ಕದ ಗೆರೆ ಬಾಯಿಯ ಅಂಚನ್ನೂ ದಾಟಿ ಹೋಗಿದ್ದರೆ ಸಾಮಾನ್ಯವಾಗಿ ಅದು ಯಂತ್ರದ್ದು. ಗೆರೆಯೇ ಇಲ್ಲ ಅಂದ ಮಾತ್ರಕ್ಕೆ ಅಚ್ಚಿಲ್ಲದೆ ಊದಿದ್ದು ಅಂದುಕೊಳ್ಳಬೇಡಿ. ಅಚ್ಚಿನೊಳಗೆ ಬಾಟಲಿಯನ್ನು ತಿರುಗಿಸಿದರೂ ಗೆರೆ ಅಳಿಸಿಹೋಗುತ್ತದೆ, ಆಗ ಮೈಮೇಲೆ ಅಡ್ಡಡ್ಡ ಸಣ್ಣ ಗೀರುಗಳು ಕಾಣುತ್ತವೆ. ಗಾಜಿನೊಳಗಿನ ಗುಳ್ಳೆಗಳನ್ನು ನಂಬಲೇಬೇಡಿ, ನಕಲಿಗಳಲ್ಲಿ ಬೇಕೆಂದೇ ಗುಳ್ಳೆ ಬಿಡುತ್ತಾರೆ. ಬುಡ ನೆಲಕ್ಕೆ ತಾಗುವ ಕಡೆ ಸವೆತ ನೋಡಿ. ವರ್ಷಾನುಗಟ್ಟಲೆ ಬಳಸಿದ್ದರೆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಉಪ್ಪು ಕಾಗದ ಉಜ್ಜಿದ್ದರೆ ಒಂದೇ ದಿಕ್ಕಿಗೆ. ನೇರಳೆ ಬಣ್ಣದ ಮೇಲೂ ಅನುಮಾನ ಇರಲಿ. ಮ್ಯಾಂಗನೀಸ್ ಇರುವ ಗಾಜು ಬಿಸಿಲಿಗೆ ತಾನಾಗೇ ತೆಳು ನೇರಳೆಯಾಗುತ್ತದೆ, ಕಡು ನೇರಳೆಯಾಗಿದ್ದರೆ ಯಾರೋ ವಿಕಿರಣಕ್ಕೆ ಒಡ್ಡಿ ಬಣ್ಣ ಬರಿಸಿರಬಹುದು.

ಮಣ್ಣಲ್ಲಿ ಸಿಕ್ಕ ಬಾಟಲಿಯ ಮೇಲಿನ ಮಂಜು ಕೊಳೆ ಅಲ್ಲ. ನೀರು ಗಾಜಿನ ಸೋಡಾವನ್ನು ಹೀರಿ ಮೇಲ್ಪದರ ಕೆಟ್ಟಿರುತ್ತದೆ. ಆಸಿಡ್ ಹಾಕಿ ಪಾಲಿಶ್ ಮಾಡಿದರೆ ನಾವು ಇಷ್ಟು ಹೊತ್ತು ಮಾತಾಡಿದ ಗುರುತುಗಳೇ ಹೋಗುತ್ತವೆ, ದಯವಿಟ್ಟು ಮಾಡಬೇಡಿ. ಎಲ್ಲಿ ಸಿಕ್ಕಿತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿ. ನೂರು ವರ್ಷ ದಾಟಿದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡಬಹುದು, ಹಾಗಾಗಿ ಹೊರದೇಶದಲ್ಲಿರುವ ನೆಂಟರಿಗೆ ಕಳಿಸುವ ಮುಂಚೆ ವಿಚಾರಿಸಿ.

ನನ್ನ ಮಾತು ಇಷ್ಟೇ. ಮೇಜಿನ ಮೇಲೆ ಬಾಟಲಿಗಳಿವೆ, ಕೈಗೆ ತಗೊಂಡು ತಿರುಗಿಸಿ ನೋಡಿ. ಪ್ರಶ್ನೆಗಳನ್ನು ಅಲ್ಲೇ ಕೇಳಿ.