ಕೊನೆಯ ದೃಶ್ಯದಲ್ಲಿ ಅವಳು ಏನು ಮಾಡ್ತಾಳೆ?

ಹಳೆಯ ಹಾಸ್ಯ ನಾಟಕವೊಂದು ಸಿನಿಮಾ ಆಗಿದೆ ಅಂದ್ರೆ ನಾನು ಕಾಯುವುದು ಕೊನೆಯ ದೃಶ್ಯಕ್ಕೆ. ಅಲ್ಲಿವರೆಗೂ ಎಲ್ಲರಿಗೂ ಎದುರುತ್ತರ ಕೊಟ್ಟ ಹೆಣ್ಣನ್ನು ಕೊನೆಗೆ ಏನು ಮಾಡುತ್ತಾರೆ? ನನಗೆ ಮುಖ್ಯ ಅನಿಸುವುದು ಅದೇ.

ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದ ಶ್ರೂ’ ತಗೊಳ್ಳಿ. ಯಾರಿಗೂ ಬಗ್ಗದ ಕೇಟ್ ಕೊನೆಗೆ ಎಲ್ಲರ ಮುಂದೆ ನಿಂತು, ಗಂಡನೇ ಒಡೆಯ ಅಂತ 40ಕ್ಕೂ ಜಾಸ್ತಿ ಸಾಲು ಮಾತಾಡುತ್ತಾಳೆ. ಓದುವಾಗ ನನಗೆ ಮೈ ಉರಿಯುತ್ತದೆ.

1929ರ ಸಿನಿಮಾದಲ್ಲಿ ಮೇರಿ ಪಿಕ್‌ಫೋರ್ಡ್ ಕೇಟ್ ಆಗಿದ್ದಾರೆ. ಗಂಡನ ಪಾತ್ರದಲ್ಲಿ ಅವರ ನಿಜವಾದ ಗಂಡ, ಡಗ್ಲಸ್ ಫೇರ್‌ಬ್ಯಾಂಕ್ಸ್. ಕೇಟ್ ವಿಧೇಯಳಾಗಿ ಮಾತಾಡುತ್ತಾಳೆ, ಆಮೇಲೆ ತಂಗಿ ಬಿಯಾಂಕಾ ಕಡೆ ನೋಡಿ ಕಣ್ಣು ಹೊಡೆಯುತ್ತಾಳೆ. ಅಷ್ಟೇ! ಹೇಳಿದ್ದೆಲ್ಲ ತಲೆಕೆಳಗು. ದೊಡ್ಡ ರಂಗಮಂದಿರದ ಹಿಂದಿನ ಸಾಲಿನವರಿಗೆ ಒಂದು ರೆಪ್ಪೆ ಎಲ್ಲಿ ಕಾಣಬೇಕು? ಕ್ಯಾಮೆರಾ ಅದನ್ನು ಎಲ್ಲರ ಮುಂದೆ ತಂದು ಇಡುತ್ತದೆ.

1967ರಲ್ಲಿ ಜೆಫಿರೆಲ್ಲಿ ಮಾಡಿದ ಸಿನಿಮಾದ ಎಲಿಜಬೆತ್ ಟೇಲರ್ ಕಣ್ಣು ಹೊಡೆಯುವುದಿಲ್ಲ. ಮನಸಾರೆ ನಂಬಿದವಳ ಹಾಗೆ ಮಾತಾಡುತ್ತಾಳೆ. ಮುತ್ತು ಕೊಟ್ಟ ಗಂಡ ಗೆದ್ದೆ ಅಂತ ಆ ಕಡೆ ತಿರುಗಿರುತ್ತಾನೆ. ಈ ಕಡೆ ನೋಡಿದರೆ ಕೇಟ್ ಇಲ್ಲ. ಹೊರಟೇ ಹೋಗಿದ್ದಾಳೆ! ಅವನು ಜನರನ್ನು ತಳ್ಳಿಕೊಂಡು ಹಿಂದೆ ಓಡಬೇಕು. ಎರಡರಲ್ಲಿ ನನಗೆ ಇದೇ ಇಷ್ಟ. ಸೋತವಳ ಹಿಂದೆ ಗೆದ್ದವನು ಯಾಕೆ ಓಡ್ತಾನೆ, ಅಲ್ವಾ?

ಆದರೆ ಕ್ಯಾಮೆರಾ ಯಾವಾಗಲೂ ಹೆಣ್ಣಿನ ಕೈ ಹಿಡಿಯುವುದಿಲ್ಲ. ಬರ್ನಾರ್ಡ್ ಶಾ ಬರೆದ ‘ಪಿಗ್ಮೇಲಿಯನ್’ ನಾಟಕದಲ್ಲಿ ಹೂ ಮಾರುವ ಎಲೈಜಾಗೆ ಪ್ರೊಫೆಸರ್ ಹಿಗ್ಗಿನ್ಸ್ ಸಿರಿವಂತರ ಮಾತು ಕಲಿಸುತ್ತಾನೆ. ಒಂದು ರಾತ್ರಿ ಅವಳು ಅವನ ಚಪ್ಪಲಿಗಳನ್ನೇ ಅವನ ಮೇಲೆ ಎಸೆಯುತ್ತಾಳೆ. ಕೊನೆಗೆ, ನನಗೆ ಗ್ಲೌಸ್ ತಗೊಂಡು ಬಾ ಅಂತ ಅವನು ಹೇಳಿದರೆ, ನೀವೇ ತಗೊಳ್ಳಿ ಅಂತ ಹೊರಟುಬಿಡುತ್ತಾಳೆ. ಅವಳು ಹಿಗ್ಗಿನ್ಸ್‌ನನ್ನು ಮದುವೆ ಆಗುವುದಿಲ್ಲ ಅಂತ ಶಾ ಆಮೇಲೆ ಉದ್ದಕ್ಕೆ ಬರೆದೂ ಇಟ್ಟರು.

1938ರ ಸಿನಿಮಾದಲ್ಲಿ ವೆಂಡಿ ಹಿಲ್ಲರ್ ಎಲೈಜಾ. ಎಷ್ಟು ಗಟ್ಟಿ ಹುಡುಗಿ ಅದು! ಅವಳೂ ವಾಪಸ್ ಬರುತ್ತಾಳೆ. ಹಿಗ್ಗಿನ್ಸ್ ತಿರುಗಿಯೂ ನೋಡದೆ ಚಪ್ಪಲಿ ಎಲ್ಲಿ ಅಂತ ಕೇಳುತ್ತಾನೆ. ಇದೇ ಕಥೆಯ 1964ರ ಸಿನಿಮಾ ‘ಮೈ ಫೇರ್ ಲೇಡಿ’ಯಲ್ಲಿ ಆಡ್ರೆ ಹೆಪ್‌ಬರ್ನ್‌ಗೂ ಅದೇ ಗತಿ. ಎಸೆದಿದ್ದು ಯಾವ ಚಪ್ಪಲಿಯೋ, ಕೊನೆಗೆ ಅದನ್ನೇ ಹುಡುಕಿಕೊಡಬೇಕು. ನೋಡಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ನೀವೇ ತಗೊಳ್ಳಿ ಅಂತ ಅವಳು ಹೊರಟ ಆ ಬಾಗಿಲಲ್ಲೇ ಮುಗಿಯುವ ಒಂದು ಸಿನಿಮಾ ನನಗೆ ಬೇಕು.