ದೀಪ ಉರಿದರೂ ಮುಖ ಕಾಣದಾಗ

ಕೇಳುಗರೆಲ್ಲರಿಗೂ ನಮಸ್ಕಾರ. ಕೆಲವು ತಿಂಗಳ ಹಿಂದೆ ನನ್ನ ಅಕ್ಕ ಪರದೇಶದಲ್ಲಿರುವ ಮಗನೊಡನೆ ವೀಡಿಯೊ ಕರೆಯಲ್ಲಿ ಮಾತಿಗೆ ಕುಳಿತಾಗ, ಅವಳ ದನಿ ಅವನಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಮುಖವಿರಬೇಕಾದಲ್ಲಿ ಮಾತ್ರ ಬರೀ ಕಪ್ಪು ಚೌಕ. ಕ್ಯಾಮೆರಾ ಕೆಟ್ಟಿತೆಂದು ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ರಿಪೇರಿಗೆ ಹೊರಟಿದ್ದಳು. ನೋಡಿದರೆ, ಪರದೆಯ ಮೇಲಂಚಿನಲ್ಲಿ ಲೆನ್ಸಿನ ಮೇಲೆ ಹಣೆಗಿಡುವ ಬಿಂದಿಯೊಂದು ಅಂಟಿಕೊಂಡಿತ್ತು. ಯಾರಾದರೂ ಕದ್ದು ನೋಡಿಯಾರೆಂಬ ಅಂಜಿಕೆಯಿಂದ ಅವಳೇ ಎಂದೋ ಅಂಟಿಸಿ ಮರೆತಿದ್ದಳು.

ಕ್ಯಾಮೆರಾ ಚಾಲೂ ಇರುವಾಗ ಉರಿಯುವ, ಆ ಬಿಂದಿಯ ಪಕ್ಕದ ಪುಟ್ಟ ದೀಪ ಉರಿಯುತ್ತಿತ್ತು ಎಂಬುದನ್ನು ಗಮನಿಸಿ. ದೀಪ ಉರಿದೂ ಚಿತ್ರ ಕಪ್ಪಾಗಿದ್ದರೆ ಸಾಮಾನ್ಯವಾಗಿ ಲೆನ್ಸಿಗೆ ಏನೋ ಅಡ್ಡ ಬಂದಿದೆ ಎಂದರ್ಥ. ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಲೆನ್ಸನ್ನು ಮುಚ್ಚುವ, ಉಗುರಿನಿಂದ ಸರಿಸಬಹುದಾದ ಸಣ್ಣ ಮುಚ್ಚಳವಿರುತ್ತದೆ. ಕೆಲವದರಲ್ಲಿ ಕೀಲಿಮಣೆಯ ಮೇಲ್ಸಾಲಿನಲ್ಲಿ ಗೀಟೆಳೆದ ಕ್ಯಾಮೆರಾ ಚಿತ್ರವಿರುವ ಕೀಲಿಯೂ ಇದ್ದು, ಕೈತಪ್ಪಿ ಒತ್ತಿದರೂ ಕ್ಯಾಮೆರಾ ಬಂದ್ ಆಗುತ್ತದೆ. ಮೊದಲು ಇವೆರಡನ್ನೂ ನೋಡಿ.

ದೀಪವೇ ಉರಿಯದಿದ್ದರೆ ಅಡ್ಡಿ ಬಹುಮಟ್ಟಿಗೆ ಒಳಗಿದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ಅಂಡ್ ಸೆಕ್ಯುರಿಟಿ ವಿಭಾಗದ ಕ್ಯಾಮೆರಾ ಪುಟಕ್ಕೆ ಹೋಗಿ. ಅಲ್ಲಿ ಕಂಪ್ಯೂಟರಿಗೆ ಒಂದು, ಆ್ಯಪ್‌ಗಳಿಗೆ ಒಂದು, ಪುಟದ ಕೆಳಭಾಗದಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮತ್ತೊಂದು ಸ್ವಿಚ್ ಇದೆ. ಬ್ರೌಸರ್ ಸೇರುವುದು ಈ ಕೊನೆಯದಕ್ಕೆ. ಜನ ಮೇಲಿನ ಎರಡನ್ನು ಆನ್ ಮಾಡಿ ಇದನ್ನು ಕಾಣದೆ ಹಿಂದಿರುಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮ್ಯಾಕ್‌ನಲ್ಲಿಯೂ ಅನುಮತಿ ಇಂಥದೇ ಹೆಸರಿನ ಪುಟದಲ್ಲಿದೆ. ಕೊಟ್ಟ ಮೇಲೆ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು.

ಕ್ರೋಮ್‌ನಂಥ ಬ್ರೌಸರಿನಲ್ಲಿ ಕರೆ ಮಾಡುವವರಿಗೆ ಇನ್ನೊಂದು ಬಾಗಿಲಿದೆ. ಮೊದಲ ದಿನ ಅನುಮತಿ ಕೇಳಿದಾಗ ಅವಸರದಲ್ಲಿ ‘ಬ್ಲಾಕ್’ ಒತ್ತಿದರೆ, ಬ್ರೌಸರ್ ಆ ತಾಣದ ಮಟ್ಟಿಗೆ ಅದನ್ನೇ ನೆನಪಿಟ್ಟುಕೊಂಡು ಮುಂದೆ ಕೇಳುವುದೇ ಇಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆಯನ್ನು ಒತ್ತಿ, ಕ್ಯಾಮೆರಾಗೆ ಅನುಮತಿ ಕೊಟ್ಟು, ಪುಟವನ್ನು ಮತ್ತೆ ಲೋಡ್ ಮಾಡಿ.

ಇಷ್ಟಾದರೂ ಮುಖ ಕಾಣದಿದ್ದರೆ ಬೇರೊಂದು ಆ್ಯಪ್ ಕ್ಯಾಮೆರಾವನ್ನು ಹಿಡಿದು ಕುಳಿತಿರಬಹುದು. ಬೆಳಗಿನ ಸಭೆಯ ಆ್ಯಪ್ ಹಿನ್ನೆಲೆಯಲ್ಲಿ ಉಳಿದಿದ್ದರೂ ಹೀಗಾಗುತ್ತದೆ. ಕೆಲವು ಆ್ಯಂಟಿವೈರಸ್‌ಗಳೂ ಕ್ಯಾಮೆರಾವನ್ನು ತಡೆಯುತ್ತವೆ. ಹಾಗೆಂದು ಆ್ಯಂಟಿವೈರಸನ್ನೇ ತೆಗೆದುಹಾಕಬೇಡಿ, ಅದರಲ್ಲಿ ಕ್ಯಾಮೆರಾದ ನಿರ್ಬಂಧವನ್ನಷ್ಟೇ ಸಡಿಲಿಸಿ. ಸರಿಪಡಿಸಿಕೊಡುತ್ತೇವೆಂದು ಫೋನ್ ಮಾಡುವ ಅಪರಿಚಿತರ ಕೈಗೆ ನಿಮ್ಮ ಪರದೆಯ ಹಿಡಿತವನ್ನು ಖಂಡಿತ ಕೊಡಬೇಡಿ.

ಅಕ್ಕನ ಬಿಂದಿ ಕಿತ್ತ ಮೇಲೂ ಚಿತ್ರ ಮಬ್ಬಾಗಿಯೇ ಇತ್ತು, ಗೋಂದು ಲೆನ್ಸಿನ ಮೇಲೆ ಉಳಿದಿತ್ತು. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯ ತುದಿಯನ್ನು ತುಸುವೇ ಒದ್ದೆ ಮಾಡಿ ನಾಲ್ಕು ಸಲ ನಯವಾಗಿ ಒರೆಸಿದ ಮೇಲೆ, ಅವಳ ಹಣೆಯ ಕುಂಕುಮವೂ ಮಗನಿಗೆ ಕಂಡಿತು. ನಮಸ್ಕಾರ.