ಹೆಂಚಿನ ಒಳಮೈಯಲ್ಲಿರುವ ಹೆಸರು

ಈಗ ನಿಮಗೆ ಕಾಣುತ್ತಿರುವುದು ನಮ್ಮ ಅಜ್ಜಿಮನೆಯ ಅಡುಗೆಕೋಣೆಯ ಮಾಡಿನಿಂದ ಇಳಿಸಿದ ಹೆಂಚು. ಒಳಮೈಗೆ ಹತ್ತಿದ್ದ ಒಲೆಯ ಮಸಿಯನ್ನು ತೆಂಗಿನ ನಾರಿನಿಂದ ಉಜ್ಜಿದಾಗ ಉಬ್ಬು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು: ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865’. ಅದು ಈ ಹೆಂಚು ಬೆಂದ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ನಮ್ಮೂರಿನ ಗರಡಿಯ, ಅಂದರೆ ತುಳುನಾಡಿನ ವೀರರಾದ ಕೋಟಿ ಚೆನ್ನಯರ ಗುಡಿಯ, ಮಾಡಿನ ಮೇಲೂ ಇದೇ ಹೆಂಚಿದೆ. ಬಾಸೆಲ್ ಮಿಶನ್ ಎಂದರೆ ಸ್ವಿಟ್ಜರ್ಲೆಂಡಿನ ಒಂದು ಕ್ರೈಸ್ತ ಮತಪ್ರಚಾರ ಸಂಸ್ಥೆ. ಮತಪ್ರಚಾರಕ್ಕೆಂದು ಸಮುದ್ರ ದಾಟಿ ಬಂದವರು ಹೆಂಚು ಸುಡುವ ಕೆಲಸಕ್ಕೆ ಏಕೆ ಇಳಿದರು ಎಂಬ ಪ್ರಶ್ನೆಯೇ ಇಂದಿನ ಈ ವ್ಲಾಗಿಗೆ ಕಾರಣ.

ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತಿಗೆ ಕಿವಿಗೊಟ್ಟವರಲ್ಲಿ ಕರಾವಳಿಯ ಬಿಲ್ಲವ ಸಮುದಾಯದವರು ಹೆಚ್ಚಿನವರು. ಈ ಬಿಲ್ಲವರಲ್ಲಿ ಅನೇಕರ ಕಸುಬು ಮೂರ್ತೆದಾರಿಕೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದು. ಕ್ರೈಸ್ತನಾದವನು ಕಳ್ಳಿನ ವ್ಯವಹಾರದಲ್ಲಿ ಇರಬಾರದೆಂದು ಮಿಶನ್ ಹೇಳಿತು. ಜಾತಿ ಬಿಟ್ಟವನಿಗೆ ಗೇಣಿಗೆ ಗದ್ದೆ ಕೊಡಲು ಧನಿಗಳು ಹಿಂಜರಿದರು. ಬಂಧುಗಳು ಊಟದ ಪಂಕ್ತಿಯಿಂದ ದೂರವಿಟ್ಟರು. ಹೀಗೆ ಮತಾಂತರವೆಂಬುದು ನಂಬಿಕೆಯ ಮಾತಾಗಿ ಉಳಿಯದೆ, ನಾಳೆಯ ಗಂಜಿಗೆ ಅಕ್ಕಿ ಎಲ್ಲಿಂದ ಎಂಬ ಮಾತಾಯಿತು. ಮಗ್ಗಗಳು ಬಂದದ್ದು, ಆಮೇಲೆ ಹೆಂಚಿನ ಗೂಡುಗಳು ಎದ್ದದ್ದು ಬಹುಮಟ್ಟಿಗೆ ಈ ಕಾರಣದಿಂದ. ಮತಾಂತರದ ಚರ್ಚೆ ಬಂದಾಗಲೆಲ್ಲ ನಾವು ಆಮಿಷವೆಂದೋ ವಿಮೋಚನೆಯೆಂದೋ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. ಎರಡು ಕಡೆಯಿಂದಲೂ ಕಸುಬು ಕಳೆದುಕೊಂಡು ನಿಂತ ಆ ಮನುಷ್ಯನನ್ನು ನೆನೆದರೆ ನನಗೆ ಆ ಎರಡೂ ಪದಗಳು ಸಾಲವು ಅನ್ನಿಸುತ್ತದೆ.

ಮೇಲ್ಜಾತಿಯವರು ತಮ್ಮ ಮಕ್ಕಳನ್ನು ಮಿಶನ್ ಶಾಲೆಗೆ ಕಳುಹಿಸಿದ್ದು ಇಂಗ್ಲಿಷ್ ವಿದ್ಯೆಗಾಗಿ. 1844ರಲ್ಲಿ ಆ ಶಾಲೆಯ ವಿದ್ಯಾರ್ಥಿ, ಸಾರಸ್ವತ ಮನೆತನದ ಆನಂದರಾಯ ಕೌಂಡಿನ್ಯರು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಮುಂದೆ ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಹಿಂದಿರುಗಿದರು. ಆದರೆ ಅವರ ದಾರಿಯಲ್ಲಿ ನಡೆದವರು ಬೆರಳೆಣಿಕೆಯಷ್ಟು ಮಂದಿ.

ಮತವನ್ನು ಒಪ್ಪದವರೂ ಮಿಶನ್ನಿನ ಅಚ್ಚುಕೂಟವನ್ನು ಬೇಡವೆನ್ನಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಅಲ್ಲಿನ ಕಲ್ಲಚ್ಚಿನಿಂದ ಹೊರಬಂತು. ಅದನ್ನು ನಡೆಸಿದ ಹರ್ಮನ್ ಮೋಗ್ಲಿಂಗ್ ಅವರೇ 1850ರಲ್ಲಿ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕ್ರಿಸ್ತನನ್ನು ಸಾರಲು ಬಂದವರ ಮುದ್ರಣಾಲಯದಿಂದ ವಿಠಲನ ಕೀರ್ತನೆಗಳು ಪುಸ್ತಕವಾಗಿ ಬಂದವೆಂಬುದು ನನಗೆ ಇಂದಿಗೂ ಮನಸ್ಸು ತುಂಬಿ ಬರುವ ಸಂಗತಿ. ಇದೇ ಮಿಶನ್ನಿನ ಕಿಟ್ಟೆಲ್ ಅವರ ಕನ್ನಡ ನಿಘಂಟಿನ ವಿಷಯ ಎಲ್ಲರಿಗೂ ತಿಳಿದದ್ದೇ.

ನನ್ನ ಮಟ್ಟಿಗೆ ಮಿಶನ್ನಿಗೆ ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಬಂದದ್ದು ಮತಾಂತರವಾಗದೆ ಉಳಿದ ಬಿಲ್ಲವರಿಂದ. ಗರಡಿಗಳು ಅವರವಾಗಿದ್ದರೂ ದೇವಸ್ಥಾನದ ಒಳಗೆ ಅವರಿಗೆ ಪ್ರವೇಶವಿರಲಿಲ್ಲ. ಮತ ಬಿಟ್ಟು ಹೋಗುವವರನ್ನು ದೂರುತ್ತ ಕೂರುವುದರ ಬದಲು ಅವರು ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳನ್ನು ಮಂಗಳೂರಿಗೆ ಕರೆತಂದರು. 1912ರಲ್ಲಿ ಗುರುಗಳ ಕೈಯಿಂದಲೇ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಪಾದ್ರಿಗಳು ಮಂಗಳೂರಿಗೆ ಕಾಲಿಟ್ಟು ಆಗ 78 ವರ್ಷಗಳಾಗಿದ್ದವು. ಹೊರಗೆ ನಿಂತು ಕೈಮುಗಿಯುತ್ತಿದ್ದವರು ತಮ್ಮದೇ ಗರ್ಭಗುಡಿಯ ಮುಂದೆ ನಿಂತರು, ಅವರ ಜನರೇ ಪೂಜೆಗೂ ನಿಂತರು.